ಬಚ್ಚಲ ಒಲೆಗೆ ಹೋದ ಅಕ್ಷರಗಳು

ಒಂದು ತಾಲ್ಲೂಕು ಊರಿನ ಬಸ್ ನಿಲ್ದಾಣದಲ್ಲಿ ಗುರುಸಿದ್ದಯ್ಯ ಎಂಬ ಕಂಟ್ರೋಲರ್ ಇದ್ದ. ಯಾವ ಬಸ್ಸು ಯಾವ ಊರಿಗೆ, ಯಾವಾಗ ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗುವುದು ಅವನ ಕೆಲಸ. ಮನುಷ್ಯ ಒಳ್ಳೆಯವನೇ, ಆದರೆ ಒಂದು ಚಟವಿತ್ತು. ಬಸ್ಸು ಇನ್ನೂ ಡಿಪೋದಲ್ಲಿ ಚಕ್ರಕ್ಕೆ ಗಾಳಿ ಹೊಡೆಸಿಕೊಳ್ಳುತ್ತಿರುವಾಗಲೇ "ಇನ್ನೇನು ಹೊರಡಲಿದೆ, ಬೇಗ ಬನ್ನಿ" ಎಂದು ಕೂಗಿಬಿಡುತ್ತಿದ್ದ. ಜನ ಗಂಟುಮೂಟೆ ಹೊತ್ತು ಓಡಿ ಬಂದು, ಬಸ್ಸಿಲ್ಲದ ಜಾಗದಲ್ಲಿ ನಿಂತು ಅವನಿಗೆ ಶಾಪ ಹಾಕುತ್ತಿದ್ದರು. ಅವನಿಗೇನು, ಕೂಗಿದ ಮೇಲೆ ಮನಸ್ಸು ಹಗುರ.

ಅವನು ನಿವೃತ್ತನಾದ ದಿನ ಶಾಲು ಹೊದಿಸಿದರು, ಮೈಸೂರು ಪೇಟ ಇಟ್ಟರು, ಹಾರ ಹಾಕಿದರು. ಆಮೇಲೆ ಯಾರೋ ಮೈಕು ಕೊಟ್ಟು ಕೇಳಿದರು:

"ಮುಂದೇನು ಮಾಡ್ಬೇಕು ಅಂತಿದ್ದೀರಿ ಸಾರ್?"

ಗುರುಸಿದ್ದಯ್ಯ ಅದನ್ನು ಯೋಚಿಸಿಯೇ ಇರಲಿಲ್ಲ. ಆದರೆ ಹಿಂದಿನ ದಿನ ಫೋನಿನಲ್ಲಿ ಒಂದು ವಿಡಿಯೊ ನೋಡಿದ್ದ. ಸ್ಕ್ರೋಲ್ ಸಾ ಎಂಬ ಪುಟ್ಟ ಯಂತ್ರ. ದಾರದಷ್ಟು ತೆಳುವಾದ ಗರಗಸದ ಬ್ಲೇಡು ಹೊಲಿಗೆ ಮೆಷಿನ್ನಿನ ಸೂಜಿಯ ಹಾಗೆ ಮೇಲೆ ಕೆಳಗೆ ಆಡುತ್ತದೆ. ಅದರ ಕೆಳಗೆ ಹಲಗೆಯನ್ನು ತಿರುಗಿಸುತ್ತ ಹೋದರೆ ನವಿಲೋ ಹೂವೋ ಅಕ್ಷರವೋ ಬಿಡಿಸಿಕೊಂಡು ಬರುತ್ತದೆ. ವಿಡಿಯೊದಲ್ಲಿದ್ದ ಮುದುಕ ನಗುನಗುತ್ತಲೇ ಅದನ್ನು ಮಾಡಿದ್ದ.

"ಮರದ ಕೆಲಸ ಶುರು ಮಾಡ್ತೀನಿ" ಎಂದು ಗುರುಸಿದ್ದಯ್ಯ ಮೈಕಿನಲ್ಲಿ ಕೂಗಿದ. "ನಿಮ್ಮೆಲ್ಲರ ಮನೆ ಬಾಗಿಲಿಗೂ ನನ್ನ ಕೈಯಾರೆ ಮಾಡಿದ ಹೆಸರಿನ ಫಲಕ!"

ಚಪ್ಪಾಳೆಯೋ ಚಪ್ಪಾಳೆ. ಬಸ್ಸು ಡಿಪೋದಲ್ಲೇ ಇತ್ತು.

ಯಂತ್ರ ಬಂತು. ಹೆಂಡತಿ ಪಾರ್ವತಮ್ಮ ಹಿತ್ತಿಲ ಜಗಲಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಜಾಗ ಮಾಡಿಕೊಟ್ಟಳು. ಜೊತೆಗೆ ಬಂದ ಪುಸ್ತಕದಲ್ಲಿ ಮೊದಲು ಬೇಡದ ಹಲಗೆಯ ಮೇಲೆ ನೇರ ಗೆರೆ ಕೊಯ್ಯಿರಿ, ಆಮೇಲೆ ಅಲೆಯಂಥ ಗೆರೆ, ಆಮೇಲೆ ಬಾಕಿಯದು ಎಂದಿತ್ತು. ಗುರುಸಿದ್ದಯ್ಯನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮೈಕಿನಲ್ಲಿ ಕೂಗಿಯಾಗಿದೆ. ನೇರವಾಗಿ ಅಕ್ಷರಕ್ಕೇ ಕೈ ಹಾಕಿದ.

ಪೆನ್ಸಿಲ್ ಗೆರೆ ಒಂದು ಕಡೆ ಹೋದರೆ ಬ್ಲೇಡು ಇನ್ನೊಂದು ಕಡೆ ಹೋಯಿತು. ಹಲಗೆಯನ್ನು ಒತ್ತಿ ಹಿಡಿಯದಿದ್ದರೆ ಅದು ಟಕಟಕ ಕುಣಿಯುತ್ತಿತ್ತು, ಗಟ್ಟಿಯಾಗಿ ನೂಕಿದರೆ ಬ್ಲೇಡು ಟಪ್ ಎಂದು ಮುರಿಯುತ್ತಿತ್ತು. ಕೆಟ್ಟ ತುಂಡುಗಳ ರಾಶಿ ಬಿತ್ತು. ಅದನ್ನು ನೋಡಿದರೆ ಅವನ ಮುಖ ಸಣ್ಣಗಾಗುತ್ತಿತ್ತು. ಬೆಳಗ್ಗೆ ಪಾರ್ವತಮ್ಮ ಏಳುವ ಮೊದಲೇ ಎದ್ದು, ಎಲ್ಲವನ್ನೂ ಬಚ್ಚಲ ಒಲೆಗೆ ತುರುಕಿ ಬೆಂಕಿ ಹಾಕುತ್ತಿದ್ದ.

"ಇತ್ತೀಚೆಗೆ ಸ್ನಾನದ ನೀರು ಬೇಗ ಕಾಯುತ್ತಪ್ಪ" ಎನ್ನುತ್ತಿದ್ದಳು ಪಾರ್ವತಮ್ಮ. ಅವನು ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದ.

ಅವನಿಗೆ ಮರುಳಸಿದ್ದಪ್ಪ ಎಂಬ ಗೆಳೆಯನಿದ್ದ. ಅದೇ ಡಿಪೋದಲ್ಲಿ ಡ್ರೈವರ್ ಆಗಿ ನಿವೃತ್ತನಾದವನು. ಘಟ್ಟದ ತಿರುವುಗಳಲ್ಲಿ ಬಸ್ಸಿಗೆ ಒಂದು ಗೀರೂ ಬೀಳದಂತೆ ಓಡಿಸಿದ ಕೈ ಅವನದು. ಹೆಂಡತಿ ರತ್ನ ತೀರಿಕೊಂಡ ಮೇಲೆ ಆ ಮನುಷ್ಯ ಮಾತು ಬಿಟ್ಟ. ದಿನಾ ಬೆಳಗ್ಗೆ ನಿಲ್ದಾಣಕ್ಕೆ ಬಂದು ಕಲ್ಲುಬೆಂಚಿನ ಮೇಲೆ ಕೂರುವುದು, ಬಸ್ಸು ಬರುವುದು ಹೋಗುವುದು ನೋಡುವುದು, ಕತ್ತಲಾಗುವ ಮುಂಚೆ ಎದ್ದು ಹೋಗುವುದು, ಇಷ್ಟೇ. ಅವನನ್ನು ಹಾಗೆ ನೋಡುವುದು ಗುರುಸಿದ್ದಯ್ಯನಿಗೆ ಆಗುತ್ತಿರಲಿಲ್ಲ. ರತ್ನ ಅವನಿಗೂ ಎಷ್ಟೋ ಸಲ ರೊಟ್ಟಿ ತಟ್ಟಿ ಬಡಿಸಿದವಳು.

"ಅವಳ ವರ್ಷದ ಪೂಜೆಗೆ ಅವಳ ಹೆಸರಿನ ಫಲಕ ಮಾಡ್ಕೊಡ್ತೀನಿ ಕಣಯ್ಯ" ಎಂದು ಮಾತು ಕೊಟ್ಟುಬಿಟ್ಟ. ಮತ್ತೆ ಅದೇ ಚಟ.

ಆ ಮೇಲೆ ಗೊತ್ತಾಯಿತು ಕಷ್ಟ. ರಕಾರದ ಹೊಟ್ಟೆಯೊಳಗೆ ಕೊಯ್ಯಬೇಕಾದರೆ ಮೊದಲು ಅಲ್ಲೊಂದು ತೂತು ಕೊರೆದು, ಬ್ಲೇಡನ್ನು ಬಿಚ್ಚಿ ಆ ತೂತಿನಲ್ಲಿ ತೂರಿಸಿ, ಮತ್ತೆ ಬಿಗಿಯಬೇಕು. ಅವನು ಹೊರಗಿನಿಂದಲೇ ನುಗ್ಗಿ ಅಕ್ಷರವನ್ನು ಸೀಳಿಬಿಟ್ಟ. ಇನ್ನು ತಕಾರದ ಕೆಳಗಿನ ಒತ್ತು. ಕಾಗದದ ಮೇಲೆ ಅದು ಅಕ್ಷರದ ಕೆಳಗೆ ಸುಮ್ಮನೆ ತೇಲುತ್ತಿರುತ್ತದೆ. ಮರದಲ್ಲಿ ತೇಲುವುದುಂಟೇ? ಕೊಯ್ದು ಮುಗಿಸುತ್ತಲೇ ಕಳಚಿ ನೆಲಕ್ಕೆ ಬೀಳುತ್ತಿತ್ತು. ಒಂದೆರಡು ಕಡೆ ಮರ ಉಳಿಸಿ ಒತ್ತನ್ನು ಮೇಲಿನ ಅಕ್ಷರಕ್ಕೆ ಹಿಡಿಸಬೇಕು ಎಂದು ಹೊಳೆದಾಗ, ಆ ಎಳೆಯಷ್ಟು ಮರವೂ ಯಂತ್ರದ ಅದುರಾಟಕ್ಕೆ ಮುರಿಯುತ್ತಿತ್ತು. ಬಚ್ಚಲ ಒಲೆ ಧಗಧಗ ಉರಿಯಿತು. ಪೂಜೆಯ ದಿನ ಹತ್ತಿರ ಬಂತು.

ಕೊನೆಗೆ ಗುರುಸಿದ್ದಯ್ಯ ಯಾರಿಗೂ ಹೇಳದೆ ಜಿಲ್ಲಾ ಕೇಂದ್ರದ ಬಸ್ಸು ಹತ್ತಿದ. ಅಲ್ಲಿ ಕಂಪ್ಯೂಟರಿನಲ್ಲಿ ಹೆಸರು ಬರೆದುಕೊಟ್ಟರೆ ಲೇಸರ್ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತರಿಸಿ ಕೊಡುವ ಅಂಗಡಿಯಿತ್ತು. 'ರತ್ನ' ಬಂದಳು. ಒತ್ತು, ಹೊಟ್ಟೆ, ತಲೆಕಟ್ಟು ಎಲ್ಲವೂ ಅಚ್ಚುಕಟ್ಟು. ಲೇಸರ್ ಮರವನ್ನು ಸುಟ್ಟು ಕತ್ತರಿಸುವುದರಿಂದ ಅಂಚು ಮಾತ್ರ ಕಪ್ಪಗಿತ್ತು. ಜಗಲಿಯಲ್ಲಿ ಕೂತು ಉಪ್ಪುಕಾಗದ ಹಿಡಿದು ಆ ಕಪ್ಪನ್ನು ಉಜ್ಜಿ ಉಜ್ಜಿ ತೆಗೆದ. ಆ ಫಲಕಕ್ಕಾಗಿ ಅವನ ಕೈ ಮಾಡಿದ ಕೆಲಸ ಅದೊಂದೇ.

ಪೂಜೆಯ ದಿನ ನಿಲ್ದಾಣದವರೆಲ್ಲ ಬಂದಿದ್ದರು. ಫಲಕ ಕೈಯಿಂದ ಕೈಗೆ ಹೋಯಿತು.

"ಇದನ್ನ ನೀನೇ ಕೊಯ್ದದ್ದಾ?" ಮರುಳಸಿದ್ದಪ್ಪ ಕೇಳಿದ.

"ಹೂಂ" ಎಂದ ಗುರುಸಿದ್ದಯ್ಯ.

ಮರುಳಸಿದ್ದಪ್ಪ ಹೆಸರಿನ ಮೇಲೆ ಬೆರಳಾಡಿಸಿದ. ಆಮೇಲೆ ಗೆಳೆಯನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡ. ಆ ಕಣ್ಣು ಒದ್ದೆಯಾಗಿತ್ತು. ಗುರುಸಿದ್ದಯ್ಯನ ಮೈಯೆಲ್ಲ ಹಿಡಿಯಷ್ಟಾಯಿತು. ಬಾಯಿಬಿಟ್ಟು ಹೇಳಿಬಿಡಬೇಕು ಅನ್ನಿಸಿತು, ನಾಲಿಗೆ ಹೊರಳಲಿಲ್ಲ. ಊಟಕ್ಕೆ ಕೂತವನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದ.

ಅಂದಿನಿಂದ ಅವನು ಯಂತ್ರಕ್ಕೆ ಹಳೆಯ ಟವೆಲ್ ಹೊದಿಸಿಟ್ಟ. ಫಲಕ ಕೇಳಿ ಬಂದವರಿಗೆಲ್ಲ ಭುಜ ನೋವೆಂದ. ಆದರೆ ಮರುಳಸಿದ್ದಪ್ಪನಲ್ಲಿ ಬೇರೆಯೇ ಆಯಿತು. ಬಾಗಿಲ ಮೇಲಿನ ಹೆಸರನ್ನು ನೋಡಿ ನೋಡಿ, ಒಂದು ದಿನ ಅವನೂ ಅಂಥದೇ ಯಂತ್ರ ತರಿಸಿದ.

"ಮೈಕು ಬಿಟ್ಟು ಬೇರೆ ಏನನ್ನೂ ಹಿಡೀದ ನೀನೇ ಕಲಿತೆ. ಸ್ಟೇರಿಂಗ್ ಹಿಡಿದ ನಾನು ಕಲೀಬಾರ್ದಾ?" ಎಂದು ನಕ್ಕ. ರತ್ನ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಕಲ್ಲುಬೆಂಚು ಖಾಲಿಯಾಯಿತು. ಮರುಳಸಿದ್ದಪ್ಪ ಕಿವಿಯಲ್ಲಿ ಮರದ ಹುಡಿ ಹೊತ್ತು ತಿರುಗಾಡತೊಡಗಿದ. ಸಿಕ್ಕಿದಲ್ಲೆಲ್ಲ ಹಲಗೆಯ ಮಾತು. ಗುರುಸಿದ್ದಯ್ಯನಿಗೆ ಸಂತೋಷವೂ ಆಗುತ್ತಿತ್ತು, ಅವನು ಎದುರು ಬಂದರೆ ಎದೆಯೂ ಹೊಡೆದುಕೊಳ್ಳುತ್ತಿತ್ತು.

"ಒತ್ತು ಹೆಂಗೆ ನಿಲ್ಲಿಸ್ದೆ ಕಣಯ್ಯ? ನನಗೆ ಉದುರಿ ಉದುರಿ ಬೀಳುತ್ತೆ" ಎಂದು ಒಂದು ದಿನ ಮರುಳಸಿದ್ದಪ್ಪ ಕೇಳಿದ.

ಗೊತ್ತಿದ್ದರೆ ತಾನೇ ಹೇಳುವುದು. "ಅದಕ್ಕೆ ಕೈ ಅಲುಗಾಡಬಾರ್ದು" ಎಂದುಬಿಟ್ಟ ಗುರುಸಿದ್ದಯ್ಯ.

ಮರುಳಸಿದ್ದಪ್ಪ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು ಮನೆಗೆ ಹೋದ.

ಕೆಲವು ದಿನ ಕಳೆದು ಗುರುಸಿದ್ದಯ್ಯ ನಿಲ್ದಾಣದ ಕಡೆ ಹೋದರೆ ಮರುಳಸಿದ್ದಪ್ಪ ಮತ್ತೆ ಅದೇ ಬೆಂಚಿನ ಮೇಲೆ ಕೂತಿದ್ದ. ಕಿವಿಯಲ್ಲಿ ಹುಡಿಯಿಲ್ಲ, ಗಡ್ಡ ಬೆಳೆದಿದೆ.

"ಮೆಷಿನ್ನು ಗೋಣಿಲಿ ಕಟ್ಟಿಟ್ಟೆ" ಎಂದ. "ಯಾರಿಗಾದ್ರೂ ಕೊಟ್ಬಿಡ್ತೀನಿ. ನನ್ನ ಕೈ ಮುಗೀತು ಕಣಯ್ಯ. ನಿನಗೆ ಅಷ್ಟು ನೇರ್ಪಾಗಿ ಬಂದವಳು ನನ್ನ ಕೈಗೆ ಬರ್ತಿಲ್ಲ. ಕಟ್ಕೊಂಡವನು ನಾನು. ಅವಳ ಹೆಸರೇ ನನ್ನ ಕೈಲಿ ನಿಲ್ತಿಲ್ಲ ಅಂದ್ರೆ ಇನ್ನೇನಿದೆ?"

ಗುರುಸಿದ್ದಯ್ಯನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತನ್ನ ಸುಳ್ಳು ತನ್ನ ಮಾನವನ್ನಷ್ಟೇ ಕಾಯುತ್ತಿದೆ ಎಂದುಕೊಂಡಿದ್ದ. ಅದು ಈ ಮನುಷ್ಯನನ್ನು ತಿನ್ನುತ್ತ ಕೂತಿತ್ತು. ಆದರೂ ಅಲ್ಲಿ ಹೇಳಲಾಗಲಿಲ್ಲ. ಏನೋ ಕೆಲಸವಿದೆ ಎಂದು ಎದ್ದು ಬಂದ.

ಮನೆಗೆ ಬಂದು ಬಚ್ಚಲ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಮುರಿದದ್ದರಲ್ಲಿ ಒಂದನ್ನಾದರೂ ಉಳಿಸಿಕೊಂಡಿದ್ದರೆ! 'ನೋಡಯ್ಯ, ನನಗೂ ಬರಲಿಲ್ಲ' ಎಂದು ತೋರಿಸಬಹುದಿತ್ತು. ಒಲೆಯಲ್ಲಿ ಬರೀ ಬೂದಿ.

ಪಾರ್ವತಮ್ಮ ಹಿಂದಿನಿಂದ ಬಂದು ಅವನ ಅಂಗೈಯಲ್ಲಿ ಏನನ್ನೋ ಇಟ್ಟಳು. ಅರ್ಧ ಸುಟ್ಟ, ಹೊಟ್ಟೆ ಸೀಳಿದ ಒಂದು ರಕಾರ.

"ಪಾತ್ರೆ ತಿಕ್ಕೋಕೆ ಬೂದಿ ತೆಗೆದಾಗ ಸಿಕ್ತು" ಎಂದಳು. "ಇಂಥವು ಎಷ್ಟೋ ಸಿಕ್ವು. ಪೂಜೆ ದಿನ ಆ ಫಲಕ ನೋಡಿದಾಗ್ಲೇ ನನಗೆ ಗೊತ್ತಾಯ್ತು. ನಾಲ್ಕು ಜನದ ಮುಂದೆ ನಿಮ್ಮ ತಲೆ ಬಗ್ಗೋದು ಬೇಡ ಅಂತ ಸುಮ್ನಿದ್ದೆ. ಅದು ನನ್ನ ತಪ್ಪು. ಈಗ ಮರುಳಸಿದ್ದಣ್ಣ ಮತ್ತೆ ಆ ಬೆಂಚಿಗೆ ಹೋಗಿ ಕೂತಿದ್ದಾರಂತೆ."

ಹೆಂಡತಿಗೆ ಇಷ್ಟು ದಿನವೂ ಗೊತ್ತಿತ್ತು. ದಿನಾ ಎದುರಿಗೆ ಕೂರಿಸಿ ಊಟ ಬಡಿಸಿದ್ದಳು. ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

ಮರುದಿನ ಬೆಳಗ್ಗೆ ಅವನು ನಿಲ್ದಾಣಕ್ಕೆ ಹೋದ. ಬೆಂಚಿನ ಸುತ್ತ ಹಳೆಯ ಡ್ರೈವರುಗಳು, ಕಂಡಕ್ಟರುಗಳು ಟೀ ಕುಡಿಯುತ್ತ ನಿಂತಿದ್ದರು. ಅವರು ಹೋಗಲಿ, ಆಮೇಲೆ ಹೇಳೋಣ ಅಂದುಕೊಂಡ. ಸುಳ್ಳು ಹೇಳಿದ್ದು ಇವರ ಎದುರಿಗೇ ಅಲ್ಲವೇ ಎಂದು ಮನಸ್ಸು ಚುಚ್ಚಿತು. ಸುಟ್ಟ ರಕಾರವನ್ನು ಜೇಬಿನಿಂದ ತೆಗೆದು ಮರುಳಸಿದ್ದಪ್ಪನ ಕೈಯಲ್ಲಿಟ್ಟ.

"ಇದು ನಾನು ಕೊಯ್ದದ್ದು. ನಿನ್ನ ಬಾಗಿಲ ಮೇಲಿರೋದು ನಂದಲ್ಲ, ಅಂಗಡೀಲಿ ಲೇಸರ್ ಮೆಷಿನ್ನಲ್ಲಿ ಮಾಡ್ಸಿದ್ದು. ನನಗೆ ಒತ್ತು ನಿಲ್ಲಿಸೋಕೆ ಬರಲ್ಲ, ಒಂದು ನೇರ ಗೆರೆ ಕೊಯ್ಯೋಕೂ ಬರಲ್ಲ. ಕೈ ಅಲುಗಾಡಬಾರ್ದು ಅಂತ ಹೇಳಿದ್ದೂ ಸುಳ್ಳೇ."

ಊರೆಲ್ಲ ಕೇಳುವಂತೆ ಕೂಗುತ್ತಿದ್ದ ದನಿ ಆ ಹೊತ್ತು ಬೆಂಚಿನ ಸುತ್ತ ನಿಂತವರಿಗಷ್ಟೇ ಕೇಳಿತು. ಯಾರೋ ಕೆಮ್ಮಿದರು. ಒಬ್ಬ ಟೀ ಲೋಟ ಇಟ್ಟು ಆಚೆ ಸರಿದ.

ಮರುಳಸಿದ್ದಪ್ಪ ಸುಟ್ಟ ಅಕ್ಷರವನ್ನು ಬೆರಳಿನಿಂದ ಒರೆಸಿ ನೋಡಿದ.

"ಅವತ್ತು ನಿನ್ನ ಕೈನ ಕಣ್ಣಿಗೆ ಒತ್ಕೊಂಡ್ನಲ್ಲ" ಎಂದ. "ಆಗ್ಲಾದ್ರೂ ಹೇಳ್ಬೋದಿತ್ತು."

ಮರುಳಸಿದ್ದಪ್ಪ ಎದ್ದು ಹಿಂದೆ ನೋಡದೆ ಹೊರಟುಹೋದ.

ಮುಂದಿನ ದಿನಗಳು ಗುರುಸಿದ್ದಯ್ಯನಿಗೆ ಬಹಳ ಕಷ್ಟದವು. ಹಾಲು ತರಲು ಹೋದರೆ ಜನ ಬೆನ್ನ ಹಿಂದೆ ನಕ್ಕಂತಾಗುತ್ತಿತ್ತು. "ಕಂಟ್ರೋಲ್ರೇ, ಭುಜ ನೋವು ಹೆಂಗಿದೆ?" ಎಂದು ಕೆಲವರು ಎದುರಿಗೇ ಕೇಳಿದರು. ಅವನು ತಲೆ ತಗ್ಗಿಸಿ ಮನೆ ಸೇರುತ್ತಿದ್ದ. ಯಂತ್ರದ ಮೇಲಿನ ಟವೆಲ್ ಎತ್ತಿ, ಪುಸ್ತಕದ ಮೊದಲನೆಯ ಪುಟ ತೆರೆದು, ಬೇಡದ ಹಲಗೆಯ ಮೇಲೆ ನೇರ ಗೆರೆ ಕೊಯ್ಯತೊಡಗಿದ. ಕೆಟ್ಟ ತುಂಡುಗಳನ್ನು ಈಗ ಒಲೆಗೆ ಹಾಕಲಿಲ್ಲ. ಬೀದಿಯವರಿಗೆ ಕಾಣುವಂತೆ ಮನೆಯ ಮುಂದೆಯೇ ರಾಶಿ ಹಾಕಿದ.

ಒಂದು ಸಂಜೆ ಮರುಳಸಿದ್ದಪ್ಪ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ. ಕಂಕುಳಲ್ಲಿ ನ್ಯೂಸ್ ಪೇಪರಿನಲ್ಲಿ ಸುತ್ತಿದ, ಅಂಗಡಿಯಲ್ಲಿ ಮಾಡಿಸಿದ್ದ ಆ ಫಲಕ. ಒಗೆಯುವ ಕಲ್ಲಿನ ಮೇಲೆ ಅದನ್ನಿಟ್ಟ. ಗುರುಸಿದ್ದಯ್ಯ ಯಂತ್ರ ನಿಲ್ಲಿಸಿ ಎದ್ದು ನಿಂತ. ಫಲಕದ ಜೊತೆಗೆ ಸ್ನೇಹವನ್ನೂ ವಾಪಸು ಕೊಡಲು ಬಂದಿದ್ದಾನೆ, ಇನ್ನು ಮುಗಿಯಿತು ಎಂದುಕೊಂಡ.

"ಕೂತ್ಕೋ" ಎಂದ ಮರುಳಸಿದ್ದಪ್ಪ. "ನನ್ನ ಕಣ್ಣೆದುರಿಗೆ ಅವಳ ಹೆಸರು ಕೊಯ್ಯಿ."

ಗುರುಸಿದ್ದಯ್ಯ ಹಲಗೆಯ ಮೇಲೆ 'ರತ್ನ' ಎಂದು ಬರೆದ. ತೂತು ಕೊರೆದು ಬ್ಲೇಡು ತೂರಿಸಿದ. ರಕಾರದ ಹೊಟ್ಟೆ ಕೋಳಿಮೊಟ್ಟೆಯ ಹಾಗೆ ಸೊಟ್ಟಗಾಯಿತು, ಆದರೆ ನಿಂತಿತು. ಒತ್ತಿನ ಹತ್ತಿರ ಬರುವಾಗ ಉಸಿರು ಬಿಗಿಹಿಡಿದ. ಟಪ್ ಎಂದಿತು. ಒತ್ತು ಕಳಚಿ ಉರುಳಿಕೊಂಡು ಮರುಳಸಿದ್ದಪ್ಪನ ಕಾಲ ಬಳಿ ಬಿತ್ತು. ಗುರುಸಿದ್ದಯ್ಯ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡ.

ಮರುಳಸಿದ್ದಪ್ಪ ಬಗ್ಗಿ ಆ ಚೂರನ್ನು ಎತ್ತಿಕೊಂಡು, ಮುರಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದ.

"ನಂದೂ ಇಲ್ಲೇ ಮುರೀತು ಕಣಯ್ಯ" ಎಂದ. "ಸರಿಯಾಗಿ ಇಲ್ಲೇ."

ಅಷ್ಟು ಹೇಳಿ ಮನೆಗೆ ಹೋಗಿ ಗೋಣಿಯ ಗಂಟು ಬಿಚ್ಚಿದ.

ಈಗ ಮರುಳಸಿದ್ದಪ್ಪನ ಬಾಗಿಲ ಮೇಲೆ ಬೇರೆ ಫಲಕವಿದೆ. ಅಂಚು ಒರಟು. ಒತ್ತು ಎಡಕ್ಕೆ ವಾಲಿದೆ, ಮುರಿಯದಿರಲೆಂದು ಬಿಟ್ಟ ಮರ ಅಲ್ಲಿ ಗಡ್ಡೆಯಾಗಿ ಉಳಿದಿದೆ. ಯಾರ ಕೈಕೆಲಸ ಎಂದು ಬಂದವರು ಕೇಳಿದರೆ ಮರುಳಸಿದ್ದಪ್ಪ "ನಂದೇ" ಎನ್ನುತ್ತಾನೆ. ಅಂಗಡಿಯ ಫಲಕವನ್ನು ಗುರುಸಿದ್ದಯ್ಯ ತನ್ನ ಜಗಲಿಯಲ್ಲಿ, ಯಂತ್ರದ ಎದುರಿಗೇ ನೇತುಹಾಕಿಕೊಂಡಿದ್ದಾನೆ. ಅಂದಕ್ಕೆಂದಲ್ಲ, ತಾನು ಹೇಳಿದ ಸುಳ್ಳು ಮರೆಯದಿರಲೆಂದು. ಗೆಳೆಯನ ಮನೆಗೆ ಹೋದಾಗಲೆಲ್ಲ ಆ ಬಾಗಿಲು ದಾಟುವಾಗ ಅವನ ತಲೆ ತಾನಾಗಿ ತಗ್ಗುತ್ತದೆ. ಬಾಗಿಲು ಅಷ್ಟೇನೂ ಗಿಡ್ಡದ್ದಲ್ಲ.

ನೀತಿ, ಹೊಸದೇನನ್ನಾದರೂ ಕಲಿಯಲು ಕೂತ ಎಲ್ಲರಿಗೂ: ನಮ್ಮ ಕೈಯಲ್ಲಿ ಮುರಿದದ್ದನ್ನು ಸುಟ್ಟುಹಾಕಿ ಬೇರೆಯವರ ಅಂದವನ್ನು ನಮ್ಮದೆಂದು ತೋರಿಸಿದರೆ ಮೋಸ ಅಲ್ಲಿಗೇ ಮುಗಿಯುವುದಿಲ್ಲ. ಅದನ್ನು ನಂಬಿ ನಮ್ಮ ಹಿಂದೆ ಬಂದವರು ತಮ್ಮ ಕೈಯನ್ನೇ ನಂಬದಂತಾಗುತ್ತಾರೆ. ನಾಚಿಕೆಯಾದರೂ ಸರಿ, ಮುರಿದ ತುಂಡನ್ನು ತೋರಿಸಿ. ಪಕ್ಕದವರಿಗೆ ಕೈ ಮುಂದೆ ಚಾಚಲು ಧೈರ್ಯ ಬರುವುದು ಅದರಿಂದಲೇ.