ಇಪ್ಪತ್ತೊಂದು ಡಿಗ್ರಿ

ಗೋಡೆಯ ಮೇಲಿನ ಪೆಟ್ಟಿಗೆಯ ಮುಂದೆ ಹಾದುಹೋಗುವಾಗಲೆಲ್ಲ ಅಂಬುಜಾ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಳ್ಳುತ್ತಿದ್ದಳು. ಆ ಕೈಯಲ್ಲಿ ನೀರಿನ ಬಿಂದಿಗೆ ಇದ್ದರೆ ಅದನ್ನು ಎಡಗೈಗೆ ದಾಟಿಸಿಕೊಂಡಾದರೂ ಸುತ್ತಿಕೊಳ್ಳುತ್ತಿದ್ದಳು.

ಆ ಕೈಯನ್ನು ಅವಳು ನಂಬುತ್ತಿರಲಿಲ್ಲ.

ಆಶ್ರಮ ಇದ್ದದ್ದು ಉತ್ತರದ ಹಿಮದ ಬೆಟ್ಟಗಳ ಕೆಳಗೆ, ಒಂದು ನದಿಯ ದಂಡೆಯಲ್ಲಿ. ಗುರು ನಿರಂಜನಯ್ಯನವರು ಕನ್ನಡ ನಾಡಿನಿಂದ ಹೋಗಿ ಅಲ್ಲಿ ನೆಲೆ ನಿಂತವರು. ಅವರ ಹಿಂದೆ ನಾಲ್ಕಾರು ಜನ ಹೋದರು. ಅಂಬುಜಾ ಎಲ್ಲರಿಗಿಂತ ಕೊನೆಗೆ ಬಂದವಳು.

ಅಲ್ಲಿ ಕೋಣೆಗಳನ್ನು ಬೆಚ್ಚಗಿಡುತ್ತಿದ್ದದ್ದು ಬೆಂಕಿಯಲ್ಲ, ನೆಲ. ಎಂಜಿನಿಯರ್ ಆಗಿದ್ದ ಭಕ್ತರೊಬ್ಬರು ಅಂಗಳದಡಿ ಆಳಕ್ಕೆ ಕೊಳವೆಗಳನ್ನು ಇಳಿಸಿ ಕೊಟ್ಟಿದ್ದರು. ಕೊಳವೆಯಲ್ಲಿ ನೀರು ಸುತ್ತುತ್ತದೆ. ಚಳಿಗಾಲದಲ್ಲಿ ನೆಲದೊಳಗಿನ ಬಿಸುಪನ್ನು ಮೇಲೆ ತರುತ್ತದೆ. ಬೇಸಿಗೆಯಲ್ಲಿ ಕೋಣೆಯ ಸೆಕೆಯನ್ನು ಕೆಳಗೆ ಒಯ್ದು ಬಿಡುತ್ತದೆ.

ಎಷ್ಟು ಬೇಕೆಂದು ಹೇಳುವುದಕ್ಕೆ ಪ್ರತಿ ಕೋಣೆಯಲ್ಲೂ ಒಂದು ಥರ್ಮೋಸ್ಟಾಟ್. ಅಂಗೈಯಗಲದ ಪೆಟ್ಟಿಗೆ, ಒಂದು ಅಂಕಿ, ಏರಿಸಲು ಒಂದು ಗುಂಡಿ, ಇಳಿಸಲು ಒಂದು ಗುಂಡಿ.

ಮೊದಲ ಚಳಿಗಾಲದಲ್ಲಿ ಅಂಬುಜಾಳ ಬೆರಳು ಆ ಗುಂಡಿಗಳ ಮೇಲೇ ಇತ್ತು. ಬೆಳಿಗ್ಗೆ ನಡುಗುತ್ತ ಎದ್ದು ಇಪ್ಪತ್ತೆಂಟಕ್ಕೆ ಏರಿಸುವಳು. ಬಿಸಿಲು ಬಂದೊಡನೆ ಹದಿನಾರಕ್ಕೆ ಇಳಿಸುವಳು. ಅಂಕಿ ದೊಡ್ಡದಾದಷ್ಟೂ ಕೋಣೆ ಬೇಗ ಕಾಯುತ್ತದೆ ಎಂದುಕೊಂಡಿದ್ದಳು.

ನೆಲ ಬೇಗ ಕೊಡುವುದಿಲ್ಲ. ಒಮ್ಮೆಗೇ ಅಷ್ಟು ಕೇಳಿದರೆ ಯಂತ್ರ ನೆಲಕ್ಕೆ ಕಾಯದೆ ತನ್ನೊಳಗಿನ ಕರೆಂಟಿನಿಂದ ಕಾಯುವ ಸುರುಳಿಯನ್ನು ಉರಿಸಿಕೊಳ್ಳುತ್ತಿತ್ತು. ಆಶ್ರಮಕ್ಕೆ ಬರುವ ಕರೆಂಟೋ ಅಷ್ಟಕ್ಕಷ್ಟೆ. ಒಂದು ಸಂಜೆ ಪ್ರಾರ್ಥನೆಯ ನಡುವೆ ಎಲ್ಲ ದೀಪಗಳೂ ಆರಿಹೋದವು.

ಅಂಬುಜಾ ಬೆಚ್ಚಗಿದ್ದಾಳಾ ಯಾರಾದರೂ ನೋಡಿ ಬನ್ನಿ ಎಂದು ಕತ್ತಲಲ್ಲಿ ಗುರುಗಳ ದನಿ ಕೇಳಿಸಿತು. ಎಲ್ಲರೂ ನಕ್ಕರು. ಆ ವಾರವೇ ಎಂಜಿನಿಯರು ಬಂದು ಸುರುಳಿಯನ್ನು ಕಳಚಿಟ್ಟು ಹೋದರು. ಇನ್ನು ಮೇಲೆ ನೆಲ ಕೊಟ್ಟಷ್ಟೇ ಎಂದರು.

ಗುರುಗಳು ಅವಳನ್ನು ಅಂಗಳಕ್ಕೆ ಕರೆದೊಯ್ದು, ಕೊಳವೆಗಳ ಮೇಲಿನ ಬರಿಯ ಮಣ್ಣಿನಲ್ಲಿ ಕೂರಿಸಿದರು. ಏನಾದರೂ ಕೇಳಿಸಿದರೆ ಬಂದು ಹೇಳು ಎಂದು ಒಳಗೆ ಹೋದರು.

ಮಧ್ಯಾಹ್ನ ಕಳೆದ ಮೇಲೆ ಅವಳು ಎದ್ದು ಬಂದಳು.

"ಏನೂ ಕೇಳಿಸಲಿಲ್ಲ, ಗುರುಗಳೇ."

"ಹೌದು. ಅದು ಕೆಲಸ ಮಾಡ್ತಾ ಇದೆ."

ಆಮೇಲೆ ಅವಳನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಅವಳ ಕೈಯಿಂದಲೇ ಇಪ್ಪತ್ತೊಂದಕ್ಕೆ ತರಿಸಿದರು.

"ಒಮ್ಮೆ ಇಟ್ಟ ಮೇಲೆ ಮುಟ್ಟಬೇಡ. ಚಳಿ ಅನ್ನಿಸಿದರೆ ಶಾಲು ಹೊದ್ದುಕೋ."

ಆ ಮಾತು ಅವಳೊಳಗೆ ಇಳಿದು ಕೂತಿತು. ಧ್ಯಾನಕ್ಕೆ ಕೂತಾಗಲೂ ಗಳಿಗೆಗೊಮ್ಮೆ ಮನಸ್ಸನ್ನು ಏರಿಸಿ ಇಳಿಸಿ ನೋಡಿಕೊಳ್ಳುತ್ತಿದ್ದವಳು, ಮೊದಲ ಸಲ ಅದನ್ನು ಅದರ ಪಾಡಿಗೆ ಬಿಟ್ಟಳು. ಮೊದಲ ಸಲ ಅವಳಿಗೆ ನೆಮ್ಮದಿ ಎನ್ನಿಸಿತು.

ಅತಿಥಿಗಳ ಕೋಣೆಗಳ ಪೆಟ್ಟಿಗೆಗಳೆಲ್ಲ ಅವಳ ಕಾವಲಿಗೆ ಬಂದವು. ಯಾತ್ರಿಕರು ಗುಂಡಿಯತ್ತ ಕೈ ಚಾಚಿದರೆ ಅವಳು ಬಾಗಿಲಲ್ಲಿ ಪ್ರತ್ಯಕ್ಷ. ಅಡುಗೆಯ ಕೆಂಚಪ್ಪ ಅವಳಿಗೆ ಇಪ್ಪತ್ತೊಂದಮ್ಮ ಎಂದು ಹೆಸರಿಟ್ಟ. ಅವಳಿಗೆ ಒಳಗೊಳಗೇ ಆ ಹೆಸರು ಹಿಡಿಸಿತ್ತು.

ಎರಡನೆಯ ಚಳಿಗಾಲದಲ್ಲಿ ಅವಳ ತಾಯಿ ಪುಟ್ಟಗೌರಮ್ಮ ಮಗಳನ್ನು ನೋಡಲು ಬಂದಳು. ಮೂರು ದಿನ ರೈಲು, ಒಂದು ದಿನ ಬಸ್ಸು. ಬಂದವಳೇ ಮಗಳ ಕೆನ್ನೆ ಹಿಡಿದು, ಇಲ್ಲಿ ಊಟಾನೂ ಹಾಕ್ತಾರೋ ಬರೀ ಉಪದೇಶವೋ ಎಂದು ಕೇಳಿದಳು. ಗುರುಗಳಿಗೆ ಕೇಳಿಸಲಿ ಎಂದೇ ಕೇಳಿದಳು. ಅವರು ನಕ್ಕು, ಆ ಮಧ್ಯಾಹ್ನ ತಾವೇ ನಿಂತು ಅವಳಿಗೆ ಇನ್ನೊಂದು ಸೌಟು ಸಾರು ಬಡಿಸಿದರು.

ನಾಲ್ಕನೆಯ ದಿನ ಸಂಜೆ ತಾಯಿ ಮಂಚದ ಮೇಲೆ ಮುದುರಿ ಕೂತಿದ್ದಳು.

"ಅಂಬೂ, ಆ ಪೆಟ್ಟಿಗೇನ ಸ್ವಲ್ಪ ಜಾಸ್ತಿ ಮಾಡೇ. ಕಾಲೆಲ್ಲ ತಣ್ಣಗಾಗ್ತಾ ಇದೆ."

"ಅದನ್ನ ಮುಟ್ಟಬಾರದಮ್ಮ. ಕಂಬಳಿ ಕೊಡ್ತೀನಿ."

ಕಂಬಳಿ ಹೊದಿಸಿದಳು. ಸ್ವಲ್ಪ ಹೊತ್ತಿಗೆ ತಾಯಿ ಮತ್ತೆ ಕೇಳಿದಳು. ನೆಲ ನಿಧಾನವಾಗಿ ಕೊಡುತ್ತದೆ, ನಾವು ಕಾಯಬೇಕು ಎಂದು ಅಂಬುಜಾ ಗುರುಗಳು ಹೇಳಿಕೊಟ್ಟದ್ದನ್ನೆಲ್ಲ ಬಿಡಿಸಿ ಹೇಳಿದಳು. ಹೇಳುವಾಗ ಅವಳ ಮುಖ ಅರಳಿತ್ತು.

ತಾಯಿ ಎಲ್ಲವನ್ನೂ ಕೇಳಿಸಿಕೊಂಡಳು.

"ಸನ್ಯಾಸ ತಗೊಂಡೋಳು ನೀನು. ಚಳಿ ಮಾತ್ರ ನಂಗೆ."

ಇಬ್ಬರೂ ನಕ್ಕರು. ಅಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯಿತು. ಅಂಬುಜಾ ಬಾಗಿಲು ದಾಟುವಾಗ ತಾಯಿ ಹಿಂದಿನಿಂದ ಮತ್ತೇನೋ ಅಂದಳು. ಬಂದೆ ಇರಮ್ಮ ಎಂದು ಹೇಳಿ ಅವಳು ಹೊರಟೇ ಹೋದಳು.

ವಾಪಸು ಬರುವಷ್ಟರಲ್ಲಿ ತಾಯಿಗೆ ನಿದ್ದೆ ಹತ್ತಿತ್ತು. ಬೆಳಿಗ್ಗೆ ಅವಳು ಏಳಲಿಲ್ಲ.

ಕಣಿವೆಯ ಡಾಕ್ಟರು ಬಂದು ನೋಡಿದರು. ಹೃದಯ ನಿಂತಿದೆ, ನಿದ್ದೆಯಲ್ಲೇ ಹೋಗಿದ್ದಾರೆ, ಚಳಿಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಅಂಬುಜಾ ತಲೆಯಾಡಿಸಿದಳು.

ನದಿಯ ದಂಡೆಯಲ್ಲಿ ಎಲ್ಲವೂ ಮುಗಿಯಿತು. ಅವಳು ಅಳಲಿಲ್ಲ. ಮರುದಿನ ಎಂದಿನಂತೆ ಅಂಗಳ ಗುಡಿಸಿದಳು. ಕೆಂಚಪ್ಪ ಅವಳನ್ನು ಹಳೆಯ ಹೆಸರಿನಿಂದ ಕರೆಯಲು ಹೋಗಿ, ಅರ್ಧಕ್ಕೇ ನಿಲ್ಲಿಸಿದ.

ಕೆಲವು ದಿನಗಳಲ್ಲಿ ಆಶ್ರಮದ ಕೋಣೆಗಳು ಒಂದೊಂದಾಗಿ ತಣ್ಣಗಾಗತೊಡಗಿದವು. ಪ್ರಾರ್ಥನೆಗೆ ಜನ ಕಂಬಳಿ ಹೊದ್ದು ಬಂದರು. ಮುದುಕರು ಕೆಮ್ಮಿದರು. ಎಂಜಿನಿಯರಿಗೆ ಹೇಳಿ ಕಳಿಸಿದರು.

ಅವರು ಬಂದು ಕೊಳವೆಯ ನೀರನ್ನು ಅಳೆದು ನೋಡಿದರು. ಅಂಗಳದಲ್ಲಿ ನಿಂತು ಅವರು ಗುರುಗಳಿಗೆ ಹೇಳಿದ್ದು ತಾಯಿಯ ಕೋಣೆಯೊಳಗಿದ್ದ ಅಂಬುಜಾಳಿಗೆ ಚೆನ್ನಾಗಿ ಕೇಳಿಸಿತು. ನೆಲದಿಂದ ಬರುವ ನೀರು ಮಂಜಿನಷ್ಟು ತಣ್ಣಗಿದೆ. ಯಾವುದೋ ಒಂದು ಕೋಣೆ ಹಗಲೂ ರಾತ್ರಿ ಒಂದೇ ಸಮನೆ ಎಳೆಯುತ್ತಿದೆ. ನೆಲದಲ್ಲಿ ಇನ್ನು ಏನೂ ಉಳಿದಿಲ್ಲ.

ಒಂದೊಂದೇ ಕೋಣೆ ನೋಡಿಕೊಂಡು ಬರುತ್ತೇನೆ ಎಂದರು ಅವರು. ಬೇಡ, ನಾನೇ ಹೋಗುತ್ತೇನೆ ಎಂದರು ಗುರುಗಳು.

ಬಾಗಿಲು ತೆರೆಯಿತು.

ಮಂಚದ ಮೇಲಿನ ಹಾಸಿಗೆಯನ್ನು ಯಾರೂ ಮಡಿಸಿರಲಿಲ್ಲ. ಕೆಳಗೆ ಒಂದು ಹಣತೆ, ಪಕ್ಕದಲ್ಲಿ ಒಂದು ಚೊಂಬು ನೀರು. ಕಿಟಕಿ ಪೂರ್ತಿ ತೆರೆದಿತ್ತು. ಹೋದವರು ಹದಿಮೂರು ದಿನ ಬಂದು ಹೋಗುತ್ತಿರುತ್ತಾರೆ, ಅವರಿಗೆ ದಾರಿ ಬಿಟ್ಟಿರಬೇಕು ಎಂಬುದು ಅವಳ ಊರಿನ ವಾಡಿಕೆ.

ಪೆಟ್ಟಿಗೆ ಮೂವತ್ತು ಕೇಳುತ್ತಿತ್ತು. ಕೋಣೆ ಹದಿಮೂರರಲ್ಲಿತ್ತು.

ಗುರುಗಳು ಮಂಚದ ಕಾಲು ಹಿಡಿದು, ಮೆಲ್ಲಗೆ ನೆಲದ ಮೇಲೆ ಕೂತರು.

"ಎಷ್ಟು ದಿನದಿಂದ?"

"ಒಂಬತ್ತು."

"ಬೆಚ್ಚಗಾಯಿತಾ?"

"ಇಲ್ಲ."

ಕಿಟಕಿ ಮುಚ್ಚು ಎನ್ನುತ್ತಾರೆ ಎಂದು ಅವಳು ಕಾದಳು. ಕೆಮ್ಮುತ್ತಿರುವ ಮುದುಕರ ಮಾತು ಎತ್ತುತ್ತಾರೆ ಎಂದು ಕಾದಳು. ಅವರು ಯಾವುದನ್ನೂ ಹೇಳಲಿಲ್ಲ. ನದಿಯ ಮೇಲಿನಿಂದ ಗಾಳಿ ಬೀಸಿ ಹಣತೆಯ ಕುಡಿ ಬಾಗಿತು. ಅವರು ಅಂಗೈ ಅಡ್ಡ ಹಿಡಿದರು.

"ಡಾಕ್ಟರು ಹೇಳಿದ್ದನ್ನ ನೀವೂ ಹೇಳಬೇಡಿ," ಎಂದಳು.

"ಹೇಳೋದಿಲ್ಲ."

"ಅಮ್ಮ ಎರಡು ಸಲ ಕೇಳಿದಳು." ಸ್ವಲ್ಪ ತಡೆದು ಹೇಳಿದಳು, "ಮೂರು ಸಲ."

"ಮೂರನೇ ಸಲ ಏನಂದಳು?"

"ನಾನು ಕೇಳಿಸಿಕೊಳ್ಳಲಿಲ್ಲ."

ಅವಳು ಗೋಡೆಯ ಪೆಟ್ಟಿಗೆಯತ್ತ ನೋಡಿದಳು.

"ಮುಟ್ಟಬೇಡ ಅಂದಿದ್ದಿರಿ. ನಾನು ಮುಟ್ಟಲಿಲ್ಲ. ಕಾಲು ತಣ್ಣಗಾಗ್ತಿದೆ ಅಂದಳು, ಅವಳ ಕಾಲನ್ನೂ ಮುಟ್ಟಿ ನೋಡಲಿಲ್ಲ, ಗುರುಗಳೇ. ಅವಳಿಗೆ ಪಾಠ ಹೇಳ್ತಾ ಕೂತಿದ್ದೆ."

ಗುರುಗಳು ಕೇಳಿದರು.

"ನನ್ನ ಕೋಣೆಯೊಳಗೆ ನೀನು ಯಾವತ್ತಾದರೂ ಬಂದಿದ್ದೀಯಾ?"

"ಇಲ್ಲ."

"ಮಂಡಿ ನೋವು ಹಿಡಿದ ವರ್ಷದಿಂದ ಅಲ್ಲಿ ಇಪ್ಪತ್ತಾರಿದೆ. ಚಳಿ ಜಾಸ್ತಿ ಇದ್ದ ದಿನ ಇಪ್ಪತ್ತೇಳು."

ಅಂಬುಜಾ ಅವರ ಮುಖ ನೋಡಿದಳು.

"ಬಂದವರಿಗೆಲ್ಲ ನೀನು ಇಪ್ಪತ್ತೊಂದು, ಇಪ್ಪತ್ತೊಂದು ಅನ್ನೋದು ನನ್ನ ಕಿವಿಗೆ ಬೀಳ್ತಿತ್ತು. ಎಷ್ಟು ಚೆನ್ನಾಗಿ ಕಲಿತಳು ಅಂತ ಹಿಗ್ಗುತ್ತಿದ್ದೆ. ವಯಸ್ಸಾದವರಿಗೆ ಸ್ವಲ್ಪ ಏರಿಸಿ ಕೊಡು ಅಂತ ಒಂದು ಮಾತು ಹೇಳಬೇಕಿತ್ತು. ಅದನ್ನ ಹೇಳಿದರೆ ನನ್ನ ಕೋಣೆಯದನ್ನೂ ಹೇಳಬೇಕಾಗುತ್ತಿತ್ತು. ನಾಚಿಕೆಯಾಯಿತು. ಹೇಳಲಿಲ್ಲ."



ಗುರುಗಳು ನೆಲಕ್ಕೆ ಕೈಯೂರಿ, ಪುಟ್ಟಗೌರಮ್ಮನ ಹಾಸಿಗೆಯ ಕಾಲ್ದೆಸೆಗೆ ಹಣೆ ಮುಟ್ಟಿಸಿದರು. ತಲೆ ಎತ್ತಿದಾಗ ಅವರ ಕಣ್ಣು ಒದ್ದೆಯಾಗಿತ್ತು. ಶಿಷ್ಯೆಯ ಕಡೆಗೆ ತಿರುಗಿ ಎರಡೂ ಕೈ ಚಾಚಿದರು.

"ಒಂಬತ್ತು ದಿನದಿಂದ ಎಲ್ಲವನ್ನೂ ನೀನೊಬ್ಬಳೇ ಹೊತ್ತುಕೊಂಡು ಕೂತಿದ್ದೀಯ. ಅದರಲ್ಲಿ ನನ್ನ ಪಾಲು ನನಗೆ ಕೊಡು, ತಾಯಿ."