ಅಮಲ್ದಾರರ ಪರವಾಗಿ ನಡೆದವನು

ಅಮಲ್ದಾರ ಶೇಷಗಿರಿರಾಯರಿಗೆ ಹಸಿವೇ ಸತ್ತುಹೋಗಿತ್ತು. ದಿನವಿಡೀ ದಿಂಬಿಗೊರಗಿ ತೇಗುತ್ತಿದ್ದರು. "ಮುಂಜಾನೆ ಇಬ್ಬನಿ ಹುಲ್ಲಿನ ಮೇಲೆ ಬರಿಗಾಲಲ್ಲಿ ಕೆರೆ ಸುತ್ತಿ ಬನ್ನಿ. ಇದಕ್ಕೆ ಬೇರೆ ಮದ್ದಿಲ್ಲ" ಎಂದರು ಪಂಡಿತರು.

ರಾಯರು ಜವಾನನನ್ನು ಕರೆದರು. "ನಾಳೆಯಿಂದ ನನ್ನ ಪರವಾಗಿ ನೀನು ನಡಿ. ಹದಿನೈದು ದಿನದಲ್ಲಿ ನನಗೆ ಹಸಿವಾಗದಿದ್ದರೆ ನಿನ್ನ ಕೆಲಸ ಹೋಯಿತು ಅಂತ ತಿಳ್ಕೊ."

"ಆಗಲಿ ಬುದ್ಧಿ."

ಮರುದಿನ ಜವಾನ ಒದ್ದೆ ಕಾಲಲ್ಲೇ ಬಂದು ನಿಂತ. "ನೀರಿನ ಮೇಲೆ ಮಂಜು ಹಾಲು ಉಕ್ಕಿದ ಹಾಗಿತ್ತು, ಬುದ್ಧಿ. ಆಚೆ ದಡದಲ್ಲಿ ಏನೋ ಬೆಳ್ಳಗೆ ಕುಣೀತಾ ಇತ್ತು."

"ಏನದು?"

"ಹತ್ತಿರ ಹೋಗಲಿಲ್ಲ. ನಾನು ಹೋದದ್ದು ತಮ್ಮ ಪರವಾಗಿ. ತಾವು ನೋಡಬೇಕಾದ್ದನ್ನ ನಾನು ನೋಡಿಬಿಟ್ಟರೆ ತಪ್ಪಾಗುತ್ತೆ."

ಎರಡನೆಯ ದಿನ ಅದು ಹಾಡುತ್ತಿತ್ತಂತೆ. ಮೂರನೆಯ ದಿನ ರಾಯರ ಹೆಸರು ಹಿಡಿದೇ ಕರೆಯಿತಂತೆ.

ನಾಲ್ಕನೆಯ ದಿನ ಚಪ್ಪಲಿ ಮೆಟ್ಟುವುದನ್ನೂ ಮರೆತು ರಾಯರೇ ಹೊರಟರು. ಬಿಸಿಲೇರಿದ ಮೇಲೆ ಏದುಸಿರು ಬಿಡುತ್ತಾ ಬಂದರು. ಮೂರು ಅಕ್ಕಿರೊಟ್ಟಿ ಮುಗಿಸಿ, ನಾಲ್ಕನೆಯದಕ್ಕೆ ಕೈಹಾಕುತ್ತಾ ಜವಾನನ ಮೇಲೆ ರೇಗಿದರು.

"ಸುಳ್ಳ! ಕೆರೆ ಪೂರ್ತಿ ಸುತ್ತಿದೆ. ಆಚೆ ದಡದಲ್ಲಿ ಒಂದು ಕೊಕ್ಕರೆಯೂ ಇಲ್ಲ!"

"ಹೌದಾ ಬುದ್ಧಿ? ಹಾಗಾದರೆ ತಾವು ಅಲ್ಲಿಗೆ ಹೋಗೋ ಹೊತ್ತಿಗೆ ಅದು ಈಚೆ ದಡಕ್ಕೆ ಬಂದಿರಬೇಕು."

ರಾಯರು ಪಾದಕ್ಕಂಟಿದ್ದ ಹುಲ್ಲಿನ ಬೀಜಗಳನ್ನು ಒಂದೊಂದಾಗಿ ಬಿಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

"ನಾಳೆ ಮಂಜು ಎಷ್ಟು ಹೊತ್ತಿಗೆ ಬೀಳುತ್ತೋ?"