ಮೇಷ್ಟ್ರ ಕೈಗೆ ಬಂದ ರಬ್ಬರು

ಮುನಿನಂಜಪ್ಪ ಮೇಷ್ಟ್ರು ಆ ವಯಸ್ಸಿನಲ್ಲಿ ಜಪಾನಿ ಭಾಷೆ ಕಲಿಯಲು ಹೊರಟಿದ್ದಕ್ಕೆ ಕಾರಣ ಬೇರೇನಲ್ಲ ಮಕ್ಕಳೇ, ಅವರ ಬಾಯಿ. ರಿಟೈರ್ ಆಗಿ ವರ್ಷಗಳೇ ಕಳೆದಿದ್ದರೂ ಮೈಕು ಕಂಡರೆ ಆ ಬಾಯಿ ಸುಮ್ಮನಿರುತ್ತಿರಲಿಲ್ಲ.

ಶಿಡ್ಲಘಟ್ಟದ ಕಡೆಯ ಒಂದು ಸಣ್ಣ ಪೇಟೆ ಅದು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವುದೇ ಊರಿನ ಕಸುಬು. ಹೊಸ ನೂಲಿನ ಯಂತ್ರ ಜೋಡಿಸಿಕೊಡಲು ಜಪಾನಿನಿಂದ ಬಂದಿದ್ದ ಹಿರಿಯರೊಬ್ಬರು ಸಂಜೆ ಹೊತ್ತು ಶಾಲೆಯ ಬೇಲಿ ಪಕ್ಕ ನಿಂತು ಮಕ್ಕಳ ಆಟ ನೋಡುತ್ತಿದ್ದರು. ತಮ್ಮ ದೇಶಕ್ಕೆ ವಾಪಸು ಹೋದ ಮೇಲೂ ಮಕ್ಕಳನ್ನು ಮರೆಯದೆ ಒಂದು ಪೆಟ್ಟಿಗೆ ತುಂಬ ಚಿತ್ರದ ಪುಸ್ತಕ ಕಳಿಸಿದರು. ಚಿತ್ರಗಳೋ, ಕಣ್ಣಿಗೆ ಹಬ್ಬ. ಅಕ್ಷರಗಳೋ, ಒಂದೂ ಗೊತ್ತಾಗದು. ಇದರಲ್ಲಿ ಏನು ಬರೆದಿದೆ ಎಂದು ಮಕ್ಕಳು ಸಿಕ್ಕಸಿಕ್ಕವರನ್ನೆಲ್ಲ ಕೇಳಿ ಸಾಕಾಗಿದ್ದರು.

ಶಾಲೆಯ ವಾರ್ಷಿಕೋತ್ಸವಕ್ಕೆ ನಮ್ಮ ಮೇಷ್ಟ್ರೇ ಮುಖ್ಯ ಅತಿಥಿ. ಮಾತಿನ ಭರದಲ್ಲಿ ಅವರು, "ಬರೋ ಮಕ್ಕಳ ದಿನಾಚರಣೆಗೆ ಆ ಪೆಟ್ಟಿಗೆಯಲ್ಲಿರೋ ಒಂದು ಪುಸ್ತಕ ನಾನೇ ಓದಿ ನಿಮಗೆ ಕಥೆ ಹೇಳ್ತೀನಿ. ಇದು ಮುನಿನಂಜಪ್ಪನ ಮಾತು" ಅಂದುಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ. ಮನೆಗೆ ಬಂದು ಪೇಟ ಬಿಚ್ಚಿಟ್ಟ ಮೇಲೆ ತಾವು ಏನು ಒಪ್ಪಿಕೊಂಡು ಬಂದೆವು ಎಂಬುದು ಅವರಿಗೆ ಅರ್ಥವಾಯಿತು.

ದೊಡ್ಡವರಾಗಿದ್ದರೆ ಮರೆತುಬಿಡುತ್ತಿದ್ದರು. ಮಕ್ಕಳು ಬಿಡುತ್ತಾರೆಯೇ? ಮೇಷ್ಟ್ರು ಹಾಲು ತರಲು ಹೊರಟರೆ ಒಬ್ಬಳು, ಕಟಿಂಗ್ ಅಂಗಡಿಯಲ್ಲಿ ಕೂತರೆ ಇನ್ನೊಬ್ಬ, "ಸಾರ್, ಜಪಾನಿ ಓದೋಕೆ ಬಂತಾ?" ಎಂದು ಕೇಳುವವರೇ. ಇಡೀ ಸರ್ವಿಸಿನಲ್ಲಿ ಮಕ್ಕಳಿಗೆ ಕೊಟ್ಟ ಮಾತು ತಪ್ಪಿದವರಲ್ಲ ಮೇಷ್ಟ್ರು. ಈಗ ತಪ್ಪಿದರೆ ಆ ಮಕ್ಕಳ ಮುಖ ನೋಡುವುದು ಹೇಗೆ ಎಂದು ಅವರಿಗೆ ಊಟವೇ ಸೇರದಾಯಿತು.

ಊರಿನಲ್ಲಿ ಜಪಾನಿ ಬಲ್ಲವಳು ಒಬ್ಬಳೇ, ತಸ್ಲೀಮಾ. ನೂಲು ತೆಗೆಯುವ ಖಾದರ್ ಸಾಬರ ಮಗಳು. ಯಂತ್ರದವರ ಜೊತೆ ಒಡನಾಡಿ ಆ ಭಾಷೆ ಹಿಡಿದು, ಪರೀಕ್ಷೆಗಳನ್ನೂ ಪಾಸು ಮಾಡಿ, ಈಗ ಅಪ್ಪನ ಕಾರ್ಖಾನೆಯ ಮಾಳಿಗೆಯ ಮೇಲೆ ಸಂಜೆ ಪಾಠ ಹೇಳುತ್ತಿದ್ದಳು. ಜಪಾನಿಗೆ ಕೆಲಸಕ್ಕೆ ಹೋಗಬೇಕೆನ್ನುವ ಹುಡುಗ ಹುಡುಗಿಯರು ಅವಳ ಹತ್ತಿರ ಕಲಿಯುತ್ತಿದ್ದರು. ಶಾಲೆಯ ಚಿಕ್ಕ ಮಕ್ಕಳಿಗೆ ಆ ಮಾಳಿಗೆಯ ಪಾಠದ ಸುದ್ದಿ ಗೊತ್ತಿರಲಿಲ್ಲ, ಅಷ್ಟೆ.

ಅಲ್ಲಿಗೆ ಹೋಗಿ ಸೇರುವುದಕ್ಕೆ ಏನು ಕಷ್ಟ ಅಂತೀರಾ? ಇದೆ. ತಸ್ಲೀಮಾ ಇದೇ ಮೇಷ್ಟ್ರ ಶಿಷ್ಯೆ. ಅದೂ ಎಂಥ ಶಿಷ್ಯೆ, ಕೊನೇ ಬೆಂಚಿನವಳು. ಇಂಗ್ಲಿಷ್ ಪಾಠದ ಪ್ರತಿ ಪದದ ಮೇಲೂ ಪೆನ್ಸಿಲಿನಲ್ಲಿ ಸಣ್ಣದಾಗಿ ಕನ್ನಡದಲ್ಲಿ ಬರೆದುಕೊಂಡು, ಅದನ್ನು ನೋಡಿ ಓದುತ್ತಿದ್ದಳು. ನಮ್ಮ ಕನ್ನಡ ಶಾಲೆಗಳಲ್ಲಿ ಹಾಗೆ ಮಾಡದ ಮಕ್ಕಳು ಯಾರಿದ್ದಾರೆ ಹೇಳಿ? ಮೇಷ್ಟ್ರಿಗೆ ಮಾತ್ರ ಅದನ್ನು ಕಂಡರೆ ಮೈಯೆಲ್ಲ ಉರಿ. ಅವಕ್ಕೆ 'ಕಳ್ಳ ಅಕ್ಷರ' ಎಂದು ಹೆಸರಿಟ್ಟಿದ್ದರು. ರಬ್ಬರು ಕೊಟ್ಟು ಇಡೀ ಪುಟ ಅಳಿಸಿಸಿ, "ಈಗ ಓದು" ಎಂದು ಒಂದು, ಎರಡು, ಮೂರು ಎಣಿಸುತ್ತಿದ್ದರು. ಮೂರು ಮುಗಿದರೆ ಬೆಂಚಿನ ಮೇಲೆ ನಿಲ್ಲಬೇಕು. ತಸ್ಲೀಮಾ ಎಷ್ಟೋ ಪಾಠಗಳನ್ನು ಬೆಂಚಿನ ಮೇಲೆ ನಿಂತೇ ಕೇಳಿದವಳು. ಆಮೇಲೆ ಅವಳು ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಇವಳ ತಲೆಗೆ ಭಾಷೆ ಹತ್ತುವುದಿಲ್ಲ ಎಂದು ಮೇಷ್ಟ್ರು ಖಾದರ್ ಸಾಬರನ್ನು ಕರೆಸಿ ಹೇಳಿಯೂ ಇದ್ದರು. ಪುಣ್ಯಕ್ಕೆ ಅವರು ಆ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಅಂಥವಳ ಎದುರು ಹೋಗಿ ಕೈಕಟ್ಟಿ ಕೂರಬೇಕಲ್ಲ! ನಾಲ್ಕಾರು ದಿನ ಮೇಷ್ಟ್ರು ಮಾಳಿಗೆಯ ಮೆಟ್ಟಿಲ ತನಕ ಹೋಗಿ ವಾಪಸು ಬಂದರು. ಕೊನೆಗೊಂದು ಸಂಜೆ, ಗೂಡು ಬೇಯುವ ವಾಸನೆಗೆ ಮೂಗು ಮುಚ್ಚಿಕೊಂಡು, ಹತ್ತಿಯೇಬಿಟ್ಟರು. ತಸ್ಲೀಮಾ ಎದ್ದು ನಿಂತು, "ಬನ್ನಿ ಸಾರ್" ಎಂದು ಮುಂದಿನ ಬೆಂಚು ತೋರಿಸಿದಳು. ಮೇಷ್ಟ್ರು ಅದನ್ನು ಕಾಣದವರಂತೆ ಹೋಗಿ ಕೊನೇ ಬೆಂಚಿನಲ್ಲಿ ಕೂತರು.

ಅಲ್ಲಿ ಎಲ್ಲರೂ ಅವಳನ್ನು ಜಪಾನಿ ರೂಢಿಯಂತೆ 'ಸೆನ್ಸೇ' ಎನ್ನುತ್ತಿದ್ದರು, ಅಂದರೆ ಗುರುಗಳೇ ಎಂದು. ಮೇಷ್ಟ್ರಿಗೆ ಆ ಮಾತು ಗಂಟಲಿನಿಂದ ಮೇಲೆ ಬರಲಿಲ್ಲ. "ಏನಮ್ಮಾ, ಇದು ಯಾವ ಅಕ್ಷರ?" ಎಂದೇ ಕಾಲ ತಳ್ಳಿದರು.

ಮೊದಲನೇ ದಿನವೇ ಪುಸ್ತಕವನ್ನು ಹಿಂದುಮುಂದಾಗಿ ತೆರೆದರು. ಆ ಪುಸ್ತಕಗಳನ್ನು ಬಲಗಡೆಯಿಂದ ತೆರೆದು, ಸಾಲನ್ನು ಮೇಲಿಂದ ಕೆಳಕ್ಕೆ ಓದಬೇಕು. ಚಿಕ್ಕಂದಿನಿಂದ ಉರ್ದು ಪುಸ್ತಕ ತೆರೆದು ಅಭ್ಯಾಸವಿದ್ದ ತಸ್ಲೀಮಾಗೆ ಬಲಗಡೆಯಿಂದ ತೆರೆಯುವುದು ಹೊಸದೇನಾಗಿರಲಿಲ್ಲ. ಮೇಷ್ಟ್ರು ಮಾತ್ರ ಕಥೆಯ ಕೊನೆಯನ್ನೇ ಮೊದಲೆಂದು ತಿಳಿದು ಗಂಭೀರವಾಗಿ ನೋಡುತ್ತಾ ಕೂತಿದ್ದರು. ಹುಡುಗರು ನಕ್ಕರು, ತಸ್ಲೀಮಾ ಕೂಡ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಕೊನೆಗೆ ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ.

ಬರೆಯುವುದರಲ್ಲಿ ಅವರದು ಎತ್ತಿದ ಕೈ. ಒಂದೊಂದು ಅಕ್ಷರವೂ ದುಂಡಗೆ, ಮುತ್ತಿನ ಹಾಗೆ. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದನ್ನೂ ಚಾಚೂ ತಪ್ಪದೆ ಪಾಲಿಸಿದರು. ಓದು ಅಂದರೆ ಮಾತ್ರ ಎಲ್ಲ ಮಾಯ. ಇವತ್ತು ಕಲಿತದ್ದು ನಾಳೆಗೆ ಇಲ್ಲ. ಎಲ್ಲ ಅಕ್ಷರಗಳೂ ಒಂದೇ ತಾಯಿ ಮಕ್ಕಳ ಹಾಗೆ ಕಾಣುತ್ತಿದ್ದವು. ಒಂದಕ್ಕೆ ಬಾಲ, ಇನ್ನೊಂದಕ್ಕೆ ಬಾಲವಿಲ್ಲ. ಒಂದು ಅಕ್ಷರವಂತೂ ದಾರಕ್ಕೆ ಗಂಟು ಬಿದ್ದ ಹಾಗಿತ್ತು, ಅದರ ಹೆಸರು ಬಾಯಿಗೆ ಬರುವುದೇ ಇಲ್ಲ. ಪಕ್ಕದ ಹುಡುಗರು ಪಟಪಟ ಓದುವಾಗ ಮೇಷ್ಟ್ರ ಕಿವಿ ಬಿಸಿಯಾಗುತ್ತಿತ್ತು. ಕನ್ನಡಕ ಬದಲಾಯಿಸಬೇಕು, ಲೈಟು ಸಾಲದು, ರಾತ್ರಿ ನಿದ್ದೆಯಾಗಿಲ್ಲ ಎಂದು ನೆಪ ಹೇಳಿದರು. ಹಿಂದೆ ಮಕ್ಕಳು ಅವರ ಮುಂದೆ ಹೇಳುತ್ತಿದ್ದ ನೆಪಗಳೇ ಅವು.

ಮಕ್ಕಳ ದಿನಾಚರಣೆಗೆಂದು ಅವರು ಆರಿಸಿಕೊಂಡದ್ದು ಟೋಪಿ ಕಳೆದುಕೊಂಡ ಪುಟ್ಟ ಹುಡುಗಿಯ ಕಥೆ. ಅದರ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದರು. ಇನ್ನು ಎರಡು ತಿಂಗಳಷ್ಟೇ ಉಳಿದಿತ್ತು, ಓದು ಮಾತ್ರ ಬಂದಿರಲಿಲ್ಲ. ಒಂದು ದಿನ ಬಾಗಿಲು ಹಾಕಿಕೊಂಡು, ಸಣ್ಣ ಪೆನ್ಸಿಲು ತಗೊಂಡು, ಪ್ರತಿ ಅಕ್ಷರದ ಪಕ್ಕದಲ್ಲೂ ಕನ್ನಡದಲ್ಲಿ ಬರೆದೇಬಿಟ್ಟರು. ಹೌದು ಮಕ್ಕಳೇ, ಅದೇ ಕಳ್ಳ ಅಕ್ಷರ.

ಮರುದಿನ ಮೇಷ್ಟ್ರು ಓದಿದ್ದೇ ಓದಿದ್ದು! ಹುಡುಗರು ದಂಗಾದರು. ತಸ್ಲೀಮಾ ಸುಮ್ಮನೆ ಕೇಳಿಸಿಕೊಂಡು, ಎದ್ದು ಕೊನೇ ಬೆಂಚಿನ ಹತ್ತಿರ ಬಂದಳು. ಮೇಷ್ಟ್ರ ಅಂಗೈ ತಾನಾಗಿಯೇ ಹಾಳೆಯ ಮೇಲೆ ಹೋಗಿ ಕೂತಿತು. ಆದರೆ ಎಷ್ಟೆಂದು ಮುಚ್ಚುವುದು? ಬೆರಳ ಸಂದಿಯಲ್ಲಿ ಕನ್ನಡ ಇಣುಕುತ್ತಿತ್ತು.

ಮೇಷ್ಟ್ರು ತಲೆ ತಗ್ಗಿಸಿದರು. ನಾಚಿಕೆಯಿಂದ ಕುಗ್ಗಿಹೋದರು ಪಾಪ. ಅವರಿಗೇ ಶಿಕ್ಷೆ ಗೊತ್ತಲ್ಲ. "ರಬ್ಬರು ಕೊಡಮ್ಮಾ, ಎಲ್ಲಾ ಅಳಿಸ್ತೀನಿ" ಅಂದರು.

ತಸ್ಲೀಮಾ ರಬ್ಬರು ತಂದು ಅವರ ಮುಂದಿಟ್ಟು, ಪಕ್ಕದಲ್ಲೇ ಕೂತಳು.

"ಎಲ್ಲಾ ಬೇಡ ಸಾರ್. ಅವತ್ತು ನೀವು ನನ್ನ ಕೈಲಿ ಎಲ್ಲಾ ಒಂದೇ ಸಲ ಅಳಿಸಿಬಿಟ್ರಿ. ಆಮೇಲೆ ಪುಟದಲ್ಲಿ ನಂಗೆ ಏನೂ ಕಾಣಿಸಲೇ ಇಲ್ಲ, ಬರೀ ಭಯ ಕಾಣಿಸ್ತು. ನೀವು ದಿನಕ್ಕೆ ಒಂದು ಅಕ್ಷರದ್ದು ಮಾತ್ರ ಅಳಿಸಿ, ಅದು ಬರೋ ಕಡೆಯಲ್ಲೆಲ್ಲಾ. ಯಾವುದು ಅಂತ ನೀವೇ ಆರಿಸಿ."

ಬೈದಿದ್ದರೆ ಮೇಷ್ಟ್ರು ಹೇಗೋ ತಡೆದುಕೊಳ್ಳುತ್ತಿದ್ದರು. ಈ ಮಾತಿಗೆ ಅವರ ಕಣ್ಣು ತುಂಬಿ ಬಂತು. ಅದೆಷ್ಟು ಮಕ್ಕಳ ಪುಟ ಅಳಿಸಿಸಿದ್ದೆನೋ ಎಂದು ಒಬ್ಬೊಬ್ಬರ ಮುಖವೂ ನೆನಪಿಗೆ ಬಂತು.

ಅಂದಿನಿಂದ ದಿನಕ್ಕೊಂದು ಅಕ್ಷರ ಅಳಿಸುವ ಕೆಲಸ. ಮೊದಲು ಸುಲಭದ್ದು, ಗೆರೆ ಎಳೆದ ಹಾಗಿರುವುದು. ಆಮೇಲೆ ಬಾಲದ್ದು. ಒಂದೊಂದು ದಿನ ಅಳಿಸಿದ್ದು ಮರೆತುಹೋಗಿ, ಮತ್ತೆ ಬರೆದುಕೊಳ್ಳಲೇ ಎಂದು ಕೇಳುತ್ತಿದ್ದರು. ಬರೆದುಕೊಳ್ಳಿ ಸಾರ್, ನಾಳೆ ಅಳಿಸಿದರಾಯಿತು ಎನ್ನುತ್ತಿದ್ದಳು ತಸ್ಲೀಮಾ. ಹೀಗೆ ಹಾಳೆ ಬೆಳ್ಳಗಾಗುತ್ತಾ ಬಂತು, ಮೇಷ್ಟ್ರ ಮುಖಕ್ಕೂ ಕಳೆ ಬಂತು. ಬೀದಿಯಲ್ಲಿ ಮಕ್ಕಳು "ಓದೋಕೆ ಬಂತಾ ಸಾರ್?" ಅಂದರೆ "ಬರ್ತಾ ಇದೆ ಕಣ್ರೋ" ಎಂದು ನಗುತ್ತಾ ಉತ್ತರ ಕೊಡುವ ಮಟ್ಟಕ್ಕೆ ಬಂದರು.

ಕೊನೆಗೆ ಉಳಿದದ್ದು ಒಂದೇ, ಆ ಗಂಟುಬಿದ್ದ ಅಕ್ಷರ. ಅದನ್ನು ಅಳಿಸಲು ಮೇಷ್ಟ್ರಿಗೆ ಮನಸ್ಸೇ ಬರಲಿಲ್ಲ. ಕಥೆಯಲ್ಲಿ ಅದು ಬರುವುದು ಒಂದೇ ಕಡೆ, ಇದೊಂದು ಇರಲಿ ಬಿಡಮ್ಮಾ ಎಂದು ಗೋಗರೆದರು. ತಸ್ಲೀಮಾ ಬಲವಂತ ಮಾಡಲಿಲ್ಲ.

ಮಕ್ಕಳ ದಿನಾಚರಣೆ ಬಂತು. ಶಾಲೆಯ ಜಗುಲಿಯ ತುಂಬ ಮಕ್ಕಳು. ಮೇಷ್ಟ್ರು ಇಸ್ತ್ರಿ ಮಾಡಿದ ಪಂಚೆ ಉಟ್ಟು, ಜೇಬಿನಲ್ಲಿ ಜೆರಾಕ್ಸ್ ಇಟ್ಟುಕೊಂಡು ಬಂದರು. ಅದನ್ನು ತೆಗೆಯಬೇಕು ಅನ್ನುವಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಅಭಿಮಾನದಿಂದ ನಿಜವಾದ ಪುಸ್ತಕವನ್ನೇ ಅವರ ಕೈಗಿತ್ತರು. ಮಕ್ಕಳಿಗೂ ಚಿತ್ರ ಕಾಣಲಿ ಸಾರ್ ಅಂದರು. ಇನ್ನು ಬೇಡ ಎನ್ನುವುದು ಹೇಗೆ? ಮೇಷ್ಟ್ರು ಪುಸ್ತಕವನ್ನು ಬಲಗಡೆಯಿಂದ, ಸರಿಯಾಗಿಯೇ, ತೆರೆದರು.

ಒಂದೊಂದು ಸಾಲು ಜಪಾನಿಯಲ್ಲಿ ಓದಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳುತ್ತಾ ಹೋದರು. ಹುಡುಗಿಯ ಟೋಪಿ ಗಾಳಿಗೆ ಹಾರಿತು. ಅವಳು ಮರದ ಕೆಳಗೆ ಹುಡುಕಿದಳು, ಹೊಳೆಯ ದಂಡೆಯಲ್ಲಿ ಹುಡುಕಿದಳು. ಆಗ ಪೊದೆಯ ಹಿಂದಿನಿಂದ ಯಾರೋ ಟೋಪಿ ಕಚ್ಚಿಕೊಂಡು ಬಂದರು. ಯಾರು? "ಇ..." ಎಂದರು ಮೇಷ್ಟ್ರು. ಮುಂದೆ ಇದ್ದದ್ದು ಆ ಗಂಟು.

ಅದರ ಹೆಸರು ನೆನಪಿಗೇ ಬರಲಿಲ್ಲ. ಮುಂದಿನ ಸಾಲಿನ ಪುಟಾಣಿಯೊಂದು ಚಿತ್ರ ನೋಡಿ, "ನಾಯಿ ಸಾರ್, ನಾಯಿ!" ಎಂದು ಕೂಗಿತು. ಎಲ್ಲರೂ ನಕ್ಕರು. ನಾಯಿಗೆ ಜಪಾನಿಯಲ್ಲಿ ಏನು ಅನ್ನುತ್ತಾರೆ ಎಂಬುದು ಮೇಷ್ಟ್ರಿಗೆ ಬಾಯಿಪಾಠವೇ ಆಗಿತ್ತು. ಹೇಳಿ ಮುಂದಕ್ಕೆ ಹೋಗಿದ್ದರೆ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ಮೇಷ್ಟ್ರು ಹೇಳಲಿಲ್ಲ. ಅಂಗೈಯನ್ನು ನಾಯಿಯ ಚಿತ್ರದ ಮೇಲೆ ಅಡ್ಡ ಇಟ್ಟು, "ಚಿತ್ರ ನೋಡಿ ಹೇಳಿದ್ರೆ ಓದಿದ ಹಾಗಾಗಲ್ಲ ಮರಿ. ಸ್ವಲ್ಪ ತಡಿ, ಓದೇ ಹೇಳ್ತೀನಿ" ಅಂದರು.

ಹಿಂದಿನ ಸಾಲಿನಲ್ಲಿ ತಸ್ಲೀಮಾ ಕೂತಿದ್ದಳು. ಹೇಳಿಕೊಡಬಹುದಿತ್ತು. ಆದರೆ ಮೇಷ್ಟ್ರನ್ನೇ ನೋಡುತ್ತಾ ಕಾದಳು. ಆ ಜಗುಲಿಯಲ್ಲಿ ಯಾರೂ ಒಂದು, ಎರಡು, ಮೂರು ಎಣಿಸಲಿಲ್ಲ. ಮೇಷ್ಟ್ರು ಗಾಳಿಯಲ್ಲಿ ಬೆರಳಿನಿಂದ ಆ ಅಕ್ಷರ ಬರೆದರು. ಮೊದಲ ಗೆರೆ, ಎರಡನೆಯ ಗೆರೆ, ಸುತ್ತಿ ಬಂದು ಕೊನೆಗೆ ಪುಟ್ಟ ಗಂಟು.

"ನು," ಅಂದರು. "ಇನು. ಹೌದು ಮಕ್ಕಳೇ, ನಾಯೀನೇ."

ಜಗುಲಿಯೇ ಎದ್ದು ಕುಣಿಯಿತು ಅನ್ನಿ. ಕಥೆ ಮುಗಿದು, ಹುಡುಗಿ ಟೋಪಿ ಹಾಕಿಕೊಂಡು ಮನೆಗೆ ಹೋದ ಮೇಲೆ, ಮೇಷ್ಟ್ರಿಗೆ ಹಾರ ಹಾಕಲು ಬಂದರು. ಅವರು ಹಾರವನ್ನು ಕೈಯಲ್ಲೇ ಹಿಡಿದುಕೊಂಡು ಹಿಂದಿನ ಸಾಲಿನವರೆಗೆ ನಡೆದುಹೋಗಿ, ತಸ್ಲೀಮಾಳ ಕೈಗೆ ಕೊಟ್ಟರು. ಅಷ್ಟು ದಿನ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತು ಆಗ ಬಂತು.

"ತಗೊಳ್ಳಿ ಸೆನ್ಸೇ. ಆವತ್ತು ತಪ್ಪು ನಿಮ್ಮದಾಗಿರಲಿಲ್ಲ, ನನಗೆ ಕಾಯೋಕೆ ಬರ್ತಿರಲಿಲ್ಲ."

ಈಗ ಸೋಮವಾರ ಸೋಮವಾರ ಮುನಿನಂಜಪ್ಪ ಮೇಷ್ಟ್ರು ಆ ಶಾಲೆಗೆ ಹೋಗಿ ಕೊನೇ ಬೆಂಚಿನಲ್ಲಿ ಕೂರುತ್ತಾರೆ. ಇಂಗ್ಲಿಷ್ ಪದದ ಮೇಲೆ ಕನ್ನಡ ಬರೆದುಕೊಂಡ ಮಕ್ಕಳು ಅವರನ್ನು ಕಂಡು ಅಂಗೈ ಅಡ್ಡ ಇಟ್ಟರೆ, ಮೇಷ್ಟ್ರು ಜೇಬಿನಿಂದ ರಬ್ಬರು ತೆಗೆದು ಮುಂದಿಡುತ್ತಾರೆ. ಇವತ್ತು ಯಾವುದನ್ನು ಅಳಿಸೋಣ ಅಂತ ನೀನೇ ಹೇಳು ಮರಿ ಎಂದು ಕೇಳಿ, ಆ ಮಗು ಆರಿಸುವ ತನಕ ಪಕ್ಕದಲ್ಲೇ ಕೂತಿರುತ್ತಾರೆ.

ನೀತಿ: ಕಲಿಯುವವರ ಆಸರೆಯನ್ನು ಕಿತ್ತುಕೊಂಡರೆ ಅವರು ಹೆದರುತ್ತಾರೆ, ಕಲಿಯುವುದಿಲ್ಲ. ಅದನ್ನು ಅವರೇ ಒಂದೊಂದಾಗಿ ಬಿಡುವ ತನಕ ಜೊತೆಯಲ್ಲಿ ಕೂತು ಕಾಯಬೇಕು. ಕಾಯಲು ಕಲಿತವರೇ ಕಲಿಸಬಲ್ಲರು.